ಹದಿಹರೆಯದವರಿಗೆ ಕಾದಂಬರಿ ಬರೆದು, ಕಲಬುರಗಿಯಲ್ಲೇ ಕೂತು ಓದಿಸುವುದು ಹೇಗೆ?

ನಾನು ಇಲ್ಲಿನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವಳು. ಬೆಳಿಗ್ಗೆ ಕಾದಂಬರಿ, ಹಗಲು ತೊಗರಿ. ಇದುವರೆಗೆ ಎರಡು ಕಾದಂಬರಿ ಬಂದಿವೆ. ಎರಡೂ ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳಿಗೆ ಬರೆದವು. ಮೊದಲನೆಯದರಲ್ಲಿ ಮಾಡಬಾರದ್ದನ್ನೆಲ್ಲ ಮಾಡಿದೆ. ಎರಡನೆಯದು ಸ್ವಲ್ಪ ದಾರಿಗೆ ಬಂತು. ಈಚೆಗೆ ನಾಲ್ಕೈದು ಜನ ಫೋನ್ ಮಾಡಿ ಇದೇ ಪ್ರಶ್ನೆ ಕೇಳಿದರು. ಪ್ರತಿ ಸಲ ಒಂದು ಗಂಟೆ ಮಾತಾಡುವ ಬದಲು ಬರೆದಿಡೋಣ ಅನಿಸಿತು.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ನಿಮ್ಮ ಓದುಗರ ಜೇಬಿನಲ್ಲಿ ದುಡ್ಡಿಲ್ಲ. ಓದುವವರು ಮಕ್ಕಳು, ಕೊಳ್ಳುವವರು ಅಪ್ಪ, ಅಮ್ಮ ಅಥವಾ ಮೇಷ್ಟ್ರು. ಅಪ್ಪ ಪುಸ್ತಕದ ಅಂಗಡಿಗೆ ಹೋಗುವುದು ಗೈಡ್ ತರಲು. ಅಂಗಡಿಯಲ್ಲೂ 'ಮಕ್ಕಳ ಸಾಹಿತ್ಯ' ಅಂತ ಒಂದು ಕಪಾಟು, 'ಕಾದಂಬರಿ' ಅಂತ ಇನ್ನೊಂದು. ಹದಿನೈದರ ಹುಡುಗಿ ಮೊದಲನೆಯದರ ಹತ್ತಿರ ನಿಲ್ಲಲು ನಾಚುತ್ತಾಳೆ, ಎರಡನೆಯದರ ಹತ್ತಿರ ನಿಂತರೆ ಅಮ್ಮ ಕಣ್ಣು ಬಿಡುತ್ತಾಳೆ. ಹಾಗಾಗಿ ಈ ಪುಸ್ತಕ ಮಕ್ಕಳು ಕೂತಿರುವ ಬೆಂಚಿಗೇ ಹೋಗಬೇಕು. ಮುಂದೆ ಹೇಳುವ ಹಂತಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ.

ಮೊದಲು ದಿನದಲ್ಲಿ ಜಾಗ ಮಾಡಿಕೊಳ್ಳಿ

ನಾನು ಐದಕ್ಕೆ ಏಳುತ್ತೇನೆ. ಆರೂಮುಕ್ಕಾಲಿನವರೆಗೆ ಬರಹ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಕೂತು ಬರೆಯುತ್ತೇನೆ ಅನ್ನುವುದು ಸುಮ್ನೆ ಮಾತು. ನಳ ಬರುವ ದಿನ ಬರಹವೂ ಇಲ್ಲ, ಕೊಡ ತುಂಬುವುದೇ ಕೆಲಸ. ಅದಕ್ಕೆ ಬೇಸರ ಮಾಡಿಕೊಳ್ಳುವುದು ಬಿಟ್ಟಿದ್ದೇನೆ. ವಾರಕ್ಕೆ ನಾಲ್ಕು ಬೆಳಗು ಸಿಕ್ಕರೆ ಸಾಕು. ಬೆಳಗಿಗೆ ಮುನ್ನೂರು ಪದ ಅಂದರೂ ವಾರಕ್ಕೆ 1,200. ಒಂಬತ್ತು ತಿಂಗಳಲ್ಲಿ ಕಾದಂಬರಿಯ ಮೊದಲ ಕರಡು ಕೈಯಲ್ಲಿರುತ್ತದೆ.

ಸಂಜೆ ಏಳರಿಂದ ಎಂಟು ಪುಸ್ತಕದ ಓಡಾಟಕ್ಕೆ: ಫೋನ್, ಪಾರ್ಸಲ್, ಮೇಷ್ಟ್ರಿಗೆ ಮೆಸೇಜ್. ಈ ಎರಡು ಹೊತ್ತುಗಳನ್ನು ಒಂದಕ್ಕೊಂದು ಬೆರೆಸಬೇಡಿ. ಮೊದಲ ಪುಸ್ತಕ ಬಂದಾಗ ಎದ್ದ ಕೂಡಲೇ ಎಷ್ಟು ಲೈಕ್ ಬಂದಿದೆ ಅಂತ ನೋಡುತ್ತಿದ್ದೆ. ಆ ನಾಲ್ಕು ತಿಂಗಳಲ್ಲಿ ಒಂದು ಪುಟವೂ ಬರೆಯಲಿಲ್ಲ.

ನಮ್ಮ ಮಕ್ಕಳ ಮಾತು ಕೇಳಿಸಿಕೊಳ್ಳಿ

ಶೇರ್ ಆಟೋದಲ್ಲಿ ಸೂಪರ್ ಮಾರ್ಕೆಟ್‌ನಿಂದ ರಿಂಗ್ ರೋಡಿಗೆ ಹೋಗುವಷ್ಟರಲ್ಲಿ ಕನ್ನಡ, ದಖನಿ ಉರ್ದು, ನಡುವೆ ಒಂದಿಷ್ಟು ಮರಾಠಿ, ತೆಲುಗು ಎಲ್ಲ ಕಿವಿಗೆ ಬೀಳುತ್ತವೆ. ನಮ್ಮ ಮಕ್ಕಳು ಒಂದೇ ವಾಕ್ಯದಲ್ಲಿ ಇವನ್ನೆಲ್ಲ ದಾಟಿಬರುತ್ತಾರೆ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಕೇಳಿದ್ದನ್ನು ಕೇಳಿದ ಹಾಗೆ ಬರೆಯಿರಿ, ತಿದ್ದಬೇಡಿ.

ನನ್ನ ಕರಡಿನಲ್ಲಿ ಒಬ್ಬ ಹುಡುಗಿ ಗೆಳತಿಗೆ "ನೀನು ನನ್ನನ್ನು ಅರ್ಥ ಮಾಡಿಕೊಳ್ಳುತ್ತಿಲ್ಲ" ಅಂತ ಹೇಳುತ್ತಿದ್ದಳು. ಓದಲು ಕೊಟ್ಟಿದ್ದ ಪಕ್ಕದ ಮನೆಯ ಹತ್ತನೇ ಕ್ಲಾಸಿನವಳು ಆ ಸಾಲಿಗೆ ಸುತ್ತು ಹಾಕಿ, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಳು: "ನಿಂಗ್ ತಿಳಿಯಂಗಿಲ್ಲ ಬಿಡ್." ಕೆಳಗೆ ಇನ್ನೊಂದು ಸಾಲು: "ಅಕ್ಕಾ, ನಮ್ಮ ಕಡಿ ಯಾರ್ ಹಿಂಗ ಮಾತಾಡ್ತಾರ?" ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಅವತ್ತಿನಿಂದ ಮಾತುಕತೆಯನ್ನೆಲ್ಲ ಇಲ್ಲಿನ ಕನ್ನಡದಲ್ಲಿ, ನಡುವಿನ ಕಥೆಯನ್ನು ಪುಸ್ತಕದ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಈ ಭಾಷೆ ಮೈಸೂರಿನವರಿಗೆ ತಿಳಿಯುತ್ತಾ?" ಅಂತ ಕೇಳುವವರು ಸಿಕ್ಕೇ ಸಿಗುತ್ತಾರೆ. ಇದೇ ಜಿಲ್ಲೆಯ ಮಾತನ್ನು ಕಾದಂಬರಿಗೆ ತಂದ ಗೀತಾ ನಾಗಭೂಷಣ ಅವರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟು ಹೇಳಿ ಚಹಾ ಕುಡಿಸಿ ಕಳಿಸಿ.

ಮೂವರಿಗೆ ಓದಲು ಕೊಡಿ, ಅಭಿಪ್ರಾಯ ಕೇಳಬೇಡಿ

ಕರಡು ಮುಗಿದ ಮೇಲೆ ಝೆರಾಕ್ಸ್ ಮಾಡಿಸಿ ಮೂರು ಮಕ್ಕಳಿಗೆ ಕೊಡಿ. ಒಬ್ಬರು ಓದುವ ಹುಚ್ಚಿನವರು, ಒಬ್ಬರು ಸಾಧಾರಣ, ಇನ್ನೊಬ್ಬರು ಪುಸ್ತಕ ಕಂಡರೆ ಓಡುವವರು. 'ಹೇಗಿದೆ?' ಅಂತ ಕೇಳಿದರೆ ಮೂವರೂ 'ಚಲೋ ಅದಾ' ಅನ್ನುತ್ತಾರೆ. ಅದರಿಂದ ನಿಮಗೇನೂ ಸಿಗುವುದಿಲ್ಲ. ಓದುವುದನ್ನು ನಿಲ್ಲಿಸಿ ಫೋನ್ ನೋಡಿದ ಜಾಗದಲ್ಲೆಲ್ಲ ಒಂದು ಗೀಟು ಹಾಕಲು ಹೇಳಿ. ಇಬ್ಬರ ಗೀಟು ಒಂದೇ ಪುಟದಲ್ಲಿ ಬಿದ್ದರೆ ಆ ಪುಟ ತೆಗೆಯಿರಿ.

ಟೈಪಿಂಗ್, ಮತ್ತು ಒಂಬತ್ತರ ಕಥೆ

ಮೊದಲ ಪುಸ್ತಕವನ್ನು ಕೈಯಲ್ಲಿ ಬರೆದು ಡಿಟಿಪಿಗೆ ಕೊಟ್ಟಿದ್ದೆ. ಟೈಪ್ ಮಾಡಿದವರು ಅರ್ಕಾವತ್ತು ಬರಬೇಕಾದ ಕಡೆಯೆಲ್ಲ ಕನ್ನಡದ ಒಂಬತ್ತನ್ನು ಒತ್ತಿದ್ದರು. 'ಕಾರ್ಯ' ಹೋಗಿ 'ಕಾಯ೯' ಆಗಿತ್ತು, 'ಸೂರ್ಯ' ಹೋಗಿ 'ಸೂಯ೯' ಆಗಿತ್ತು. ಕಾಗದದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಪ್ರೂಫ್ ನೋಡಿದ ಮೂವರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ, ನನಗೂ ಸೇರಿ. ಆಮೇಲೆ ಒಬ್ಬ ಹುಡುಗ ಆ ಫೈಲನ್ನು ಫೋನಿನಿಂದಲೇ ಗಟ್ಟಿಯಾಗಿ ಓದಿಸಿ ಕೇಳಿಸಿಕೊಂಡ. "ಮಿಸ್, ನಿಮ್ಮ ಕಥಿಯೊಳಗ ಸೂಯ ಒಂಬತ್ತು ಅಂದ್ರ ಯಾರ್ರಿ?" ಅಂದ.

ಆದ್ದರಿಂದ ನೀವೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ನುಡಿ ಕೀಲಿಮಣೆ ಕಲಿಯಲು ಒಂದು ವಾರ ಸಾಕು. ಯೂನಿಕೋಡ್ ಫೈಲ್ ಇದ್ದರೆ ಅಚ್ಚು, ಇ-ಪುಸ್ತಕ, ಫೋನ್ ಎಲ್ಲಕ್ಕೂ ಅದೇ ನಡೆಯುತ್ತದೆ. ಪ್ರೆಸ್‌ನವರು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ಗೆ ಬದಲಾಯಿಸಿಕೊಳ್ಳುತ್ತೇವೆ ಅಂದರೆ, ಬದಲಾಯಿಸಿದ ಮೇಲಿನ ಪ್ರತಿಯನ್ನು ಇನ್ನೊಮ್ಮೆ ಪೂರ್ತಿ ಓದಿ. ಒತ್ತಕ್ಷರ, ಅರ್ಕಾವತ್ತು ಕಳಚಿಕೊಳ್ಳುವುದು ಅಲ್ಲೇ. ಅಚ್ಚಿಗೆ ಹೋಗುವ ಮುಂಚೆ ಫೈಲಿನಲ್ಲಿ '೯' ಅಂತ ಹುಡುಕಿ. ಎರಡು ನಿಮಿಷದ ಕೆಲಸ.

ಪ್ರಕಾಶಕರು ಬೇಕಾ, ನೀವೇ ಹಾಕುತ್ತೀರಾ?

ಪ್ರಕಾಶಕರು ಸಿಕ್ಕರೆ ಒಳ್ಳೆಯದು. ಮುದ್ರಿತ ಬೆಲೆಯ ಮೇಲೆ ಶೇಕಡ 10 ಗೌರವಧನ ಸಾಮಾನ್ಯ. ಕರಾರು ಪತ್ರದಲ್ಲಿ ಎಷ್ಟು ಪ್ರತಿ ಅನ್ನುವುದು ಇರಲಿ. ಇ-ಪುಸ್ತಕ, ಆಡಿಯೋ, ಅನುವಾದ ಮೂರರ ಹಕ್ಕು ಬೇರೆ ಬೇರೆ ಸಾಲಿನಲ್ಲಿರಲಿ. ಮೊದಲ ಪುಸ್ತಕಕ್ಕೆ ಒಬ್ಬ ಪ್ರಕಾಶಕರು "200 ಪ್ರತಿ ನೀವೇ ಕೊಳ್ಳಬೇಕು" ಅಂದರು. ಕೊಂಡೆ. ಅವುಗಳಲ್ಲಿ ಒಂದಷ್ಟು ಇನ್ನೂ ನಮ್ಮ ಮನೆಯ ಮಂಚದ ಕೆಳಗಿವೆ. ಕೈಯಿಂದ ದುಡ್ಡು ಹಾಕುವುದೇ ಆದರೆ ಲೆಕ್ಕ ನಿಮ್ಮ ಕೈಯಲ್ಲೇ ಇರಲಿ, ಅಲ್ವಾ?

ನಿಮಗೆ 18ರಿಂದ 35 ವರ್ಷದೊಳಗೆ ವಯಸ್ಸಾಗಿದ್ದು, ಇದೇ ಮೊದಲ ಪುಸ್ತಕವಾದರೆ ಅಚ್ಚಿಗೆ ಧನಸಹಾಯ ಕೊಡುವ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಯೋಜನೆಗೆ ಹಸ್ತಪ್ರತಿ ಕಳಿಸಿ. ಅರ್ಜಿ ಕರೆಯುವ ಪ್ರಕಟಣೆ ಪೇಪರಿನಲ್ಲಿ ಬರುತ್ತದೆ.

ಎರಡನೆಯದನ್ನು ನಾನೇ ಹಾಕಿದೆ. ಲೆಕ್ಕ ಬಿಚ್ಚಿ ಹೇಳುತ್ತೇನೆ. ಡೆಮಿ 1/8 ಅಳತೆ, 160 ಪುಟ. ಅಚ್ಚಿನವರು 16 ಪುಟಕ್ಕೆ ಒಂದು ಫಾರ್ಮ್ ಅಂತ ಎಣಿಸುತ್ತಾರೆ. ಅಂದರೆ ಹತ್ತು ಫಾರ್ಮ್. ನೀವು 163 ಪುಟ ಮಾಡಿದರೆ ಹನ್ನೊಂದನೇ ಫಾರ್ಮ್ ಶುರುವಾಗಿ ದುಡ್ಡು ದಂಡ. ಹಾಗಾಗಿ ಪುಟಗಳನ್ನು ಫಾರ್ಮಿಗೆ ಹೊಂದಿಸಿಯೇ ಮುಗಿಸಿ. 70 ಜಿಎಸ್‌ಎಂ (ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ) ಕಾಗದ, 300 ಜಿಎಸ್‌ಎಂ ರಕ್ಷಾಪುಟ. 500 ಪ್ರತಿಗೆ ಅಚ್ಚಿನ ಖರ್ಚು 29,000 ರೂಪಾಯಿ, ಮುಖಪುಟದ ಚಿತ್ರಕ್ಕೆ 5,000. ಒಟ್ಟು 34,000, ಪ್ರತಿಗೆ 68 ರೂಪಾಯಿ. ಬೆಲೆ 160 ಇಟ್ಟೆ. ಅಂಗಡಿಯವರಿಗೆ ಶೇಕಡ 35 ಹೋದರೆ ನನಗೆ ಬರುವುದು 104. ಹಾಕಿದ ದುಡ್ಡು ವಾಪಸ್ ಬರಲು 327 ಪ್ರತಿ ಮಾರಬೇಕು. ಶಾಲೆಯಲ್ಲಿ ನಾನೇ 120ಕ್ಕೆ ಕೊಟ್ಟರೆ 284 ಸಾಕು. ಮಕ್ಕಳಿಗೆ 40 ರೂಪಾಯಿ ಉಳಿಯುತ್ತದೆ, ನನಗೂ 16 ಜಾಸ್ತಿ. ಮುಖಪುಟದ ಖರ್ಚಿನಲ್ಲಿ ಮಾತ್ರ ಜಿಪುಣತನ ಬೇಡ. ಮಕ್ಕಳು ಮೊದಲು ಮುಖಪುಟ ನೋಡುತ್ತಾರೆ, ಆಮೇಲೆ ತಿರುಗಿಸಿ ಬೆಲೆ ನೋಡುತ್ತಾರೆ. ಒಳಗೆ ನೋಡುವುದು ಮೂರನೆಯದು.

ಪುಸ್ತಕದ ಗುರುತಿನ ನಂಬರಾದ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಡಿ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಅಚ್ಚಿಗೆ ಹೋಗುವ ಎರಡು ತಿಂಗಳ ಮುಂಚೆಯೇ ಹಾಕಿ. ಈ ನಂಬರ್‌ಗೂ ಹಕ್ಕಿಗೂ ಸಂಬಂಧವಿಲ್ಲ. 1957ರ ಕಾಪಿರೈಟ್ ಕಾಯ್ದೆಯಂತೆ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನಿಮ್ಮ ನಂತರವೂ 60 ವರ್ಷ ಇರುತ್ತದೆ. ನೀವೇ ಪ್ರಕಾಶಕರಾದರೆ 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬೈ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು.

ಯಾವಾಗ ಬಿಡುಗಡೆ?

ಜನವರಿ, ಫೆಬ್ರುವರಿಯಲ್ಲಿ ನನಗೆ ತಲೆ ಎತ್ತಲು ಆಗುವುದಿಲ್ಲ, ತೊಗರಿ ಬರುವ ಕಾಲ. ಮಾರ್ಚ್ ಬಂದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ. ಆಗ ಮಗುವಿನ ಕೈಯಲ್ಲಿ ಕಾದಂಬರಿ ಕಂಡರೆ ಮನೆಯಲ್ಲಿ ಯುದ್ಧ. ಜೂನ್‌ನಲ್ಲಿ ಫೀಸು, ಯೂನಿಫಾರ್ಮ್, ನೋಟ್‌ಬುಕ್‌ಗೆ ಅಪ್ಪನ ಜೇಬು ಖಾಲಿ. ಉಳಿಯುವುದು ಜುಲೈ ಕೊನೆಯಿಂದ ಸೆಪ್ಟೆಂಬರ್. ಆಗ ಬಿಡುಗಡೆ ಮಾಡಿದರೆ ದಸರಾ ರಜೆಗೆ ಪುಸ್ತಕ ಮಕ್ಕಳ ಕೈಯಲ್ಲಿರುತ್ತದೆ. ನವೆಂಬರ್ ಎರಡನೇ ಸುಗ್ಗಿ: ರಾಜ್ಯೋತ್ಸವ, ಮಕ್ಕಳ ದಿನಾಚರಣೆ, 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ.

ಸಮಾರಂಭದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ಸಲ ಸಭಾಂಗಣ ಹಿಡಿದು, ವೇದಿಕೆ ಮೇಲೆ ಒಂಬತ್ತು ಜನರನ್ನು ಕೂರಿಸಿ, ಒಂಬತ್ತು ಶಾಲು ಹೊದಿಸಿದೆ. 120 ಜನ ಬಂದಿದ್ದರು, 14 ಪುಸ್ತಕ ಹೋದವು. ಮಾರಾಟದ ಟೇಬಲ್ ವೇದಿಕೆಯ ಹಿಂದೆ ಇತ್ತು! ಎರಡನೇ ಸಲ ಭಾನುವಾರ ಬೆಳಿಗ್ಗೆ ಒಂದು ಟ್ಯೂಷನ್ ಕ್ಲಾಸಿನ ಕೋಣೆ. ಓದಿದ್ದು ಇಬ್ಬರು ಹುಡುಗಿಯರು, ಭಾಷಣ ಒಂದೇ, ಅದೂ ಎಂಟು ನಿಮಿಷ. ಶಾಲಿನ ದುಡ್ಡಿನಲ್ಲಿ ಎಲ್ಲರಿಗೂ ಸುಸಲಾ, ಮಿರ್ಚಿ ಭಜಿ. ಟೇಬಲ್ ಬಾಗಿಲಲ್ಲಿ, ಅದರ ಮೇಲೆ ಕ್ಯೂಆರ್ ಕೋಡ್, ಚಿಲ್ಲರೆ ಡಬ್ಬಿ, ಕದಲದೆ ಕೂರಲು ನನ್ನ ತಮ್ಮ. 40 ಜನ, 33 ಪುಸ್ತಕ.

ಶಾಲೆಗೆ ಹೋಗುವುದು

ನಿಜವಾದ ಕೆಲಸ ಇದೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಒಂದು ಪುಟದ ಪತ್ರ ಬರೆಯಿರಿ. ಯಾವ ಕ್ಲಾಸಿಗೆ, ಎಷ್ಟು ನಿಮಿಷ (40 ಸಾಕು), ಏನು ಮಾಡುತ್ತೀರಿ, ಶಾಲೆಗೆ ಖರ್ಚಿಲ್ಲ, ಪುಸ್ತಕ ಕೊಳ್ಳುವುದು ಕಡ್ಡಾಯವಲ್ಲ. ಇಷ್ಟು ಇದ್ದರಾಯಿತು. ಸರ್ಕಾರಿ ಶಾಲೆಯಾದರೆ ಮೊದಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಅನುಮತಿ ಪತ್ರ ತನ್ನಿ, ಒಂದೇ ಪತ್ರದಲ್ಲಿ ನಾಲ್ಕೈದು ಶಾಲೆಯ ಹೆಸರು ಹಾಕಿಸಿ. ಬೇಸಿಗೆಯಲ್ಲಿ ಓಡಾಡುವುದಾದರೆ ನೆನಪಿರಲಿ, ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ.

ಹೆಡ್‌ಮಾಸ್ಟರರ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಪುಸ್ತಕ ಮಾರ್ಲಾಕ ಬಂದೀರೇನ್ ಮೇಡಂ? ನಮ್ಮ ಹುಡುಗರ ಬಲ್ಲಿ ಎಲ್ಲಿ ರೊಕ್ಕ ಅದಾವ್ರಿ?" ಇದಕ್ಕೆ ನನ್ನ ಉತ್ತರ: "ಇವತ್ತು ಮಾರಂಗಿಲ್ರಿ ಸರ್. ಓದಿ ಹೋಗ್ತೀನಿ. ಎರಡು ಪ್ರತಿ ಇಲ್ಲೇ ಬಿಟ್ಟು ಹೋಗ್ತೀನಿ." ನಿಜವಾಗಿಯೂ ಅವತ್ತು ಮಾರಬೇಡಿ. ಕೇಳುವವರು ಮರುವಾರ ಮೇಷ್ಟ್ರ ಮೂಲಕ ಕೇಳುತ್ತಾರೆ.

ಕ್ಲಾಸಿನಲ್ಲಿ ನಿಂತು ನಿಮ್ಮ ಬಾಲ್ಯ, ಸಾಹಿತ್ಯದ ಮಹತ್ವ ಏನೂ ಹೇಳಬೇಡಿ. ಸೀದಾ ಓದಲು ಶುರು ಮಾಡಿ. ನಾಲ್ಕು ನಿಮಿಷ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿ, ಏಕೆಂದರೆ ನಿಲ್ಲಿಸುವ ಜಾಗ ಮುಖ್ಯ. ನನ್ನ ಕಥೆಯಲ್ಲಿ ಒಬ್ಬ ಹುಡುಗಿ ವಾಡಿ ಜಂಕ್ಷನ್ನಿನಲ್ಲಿ ತಪ್ಪು ರೈಲು ಹತ್ತುತ್ತಾಳೆ. ರೈಲು ಹೊರಟಿತು ಅನ್ನುವಲ್ಲಿ ಪುಸ್ತಕ ಮುಚ್ಚುತ್ತೇನೆ. ಆಮೇಲೆ "ನೀವಾಗಿದ್ರ ಏನ್ ಮಾಡ್ತಿದ್ರಿ?" ಅಂತ ಕೇಳಿ ಸುಮ್ಮನಾಗುತ್ತೇನೆ. ಮೊದಲ ಅರ್ಧ ನಿಮಿಷ ಯಾರೂ ಬಾಯಿ ಬಿಡುವುದಿಲ್ಲ. ಹೆದರಬೇಡಿ, ನೀವೂ ಬಾಯಿ ಬಿಡಬೇಡಿ. ಹಿಂದಿನ ಬೆಂಚಿನಿಂದ ಒಬ್ಬ "ಚೈನ್ ಎಳಿತಿದ್ದೆ" ಅನ್ನುತ್ತಾನೆ, ಇನ್ನೊಬ್ಬಳು "ದಂಡ ಯಾರ್ ಕೊಡ್ತಾರ?" ಅನ್ನುತ್ತಾಳೆ. ಅಲ್ಲಿಂದ ಮುಂದೆ ನಿಮ್ಮ ಕೆಲಸ ಗಲಾಟೆ ಹಿಡಿತ ತಪ್ಪದಂತೆ ನೋಡಿಕೊಳ್ಳುವುದಷ್ಟೇ.

ಪ್ರಶ್ನೆಗಳು ಹೇಗೋ ಬರುತ್ತವೆ. "ಮಿಸ್, ಇದರಾಗ ಯಾರರೆ ಸಾಯ್ತಾರೇನ್ರಿ?" "ಎಷ್ಟ್ ರೊಕ್ಕ ಸಿಗ್ತದ ನಿಮಗ?" ಎರಡನೆಯದಕ್ಕೆ ನಾನು ಬೋರ್ಡಿನ ಮೇಲೆ ಮೇಲಿನ ಲೆಕ್ಕವನ್ನೇ ಬರೆಯುತ್ತೇನೆ. ಗಣಿತದ ಮೇಷ್ಟ್ರಿಗೆ ಬಹಳ ಖುಷಿ.

ಬಿಟ್ಟು ಬರುವ ಪ್ರತಿಯ ಹಿಂದಿನ ರಟ್ಟಿನ ಒಳಗೆ ಒಂದು ಗೆರೆ ಹಾಳೆ ಅಂಟಿಸಿ. ಮೇಲೆ ಮೂರು ಕಾಲಂ: ಹೆಸರು, ಕ್ಲಾಸು, ಯಾವ ಪುಟದಲ್ಲಿ ನಿಲ್ಲಿಸಿದೆ. ಮುಗಿಸಿದವರು 'ಪೂರ್ತಿ' ಅಂತ ಬರೆಯಬೇಕು. ಲೈಬ್ರರಿ ಬೀರುವಿಗೆ ಬೀಗ ಬೀಳುವ ಶಾಲೆಗಳೂ ಇವೆ, ಆದ್ದರಿಂದ ಒಂದು ಪ್ರತಿಯನ್ನು ಕ್ಲಾಸ್ ಮಾನಿಟರ್ ಕೈಗೇ ಕೊಡಿ.

ಶಾಲೆಯ ಜೊತೆಗೆ ಹಾಸ್ಟೆಲ್‌ಗಳನ್ನು ಮರೆಯಬೇಡಿ. ಯಾದಗಿರಿ, ಬೀದರ್ ಕಡೆಯಿಂದ ಪಿಯುಸಿಗೆ ಇಲ್ಲಿಗೆ ಬಂದ ಮಕ್ಕಳಿಗೆ ಭಾನುವಾರ ಮಧ್ಯಾಹ್ನ ಹೊತ್ತು ಹೋಗುವುದಿಲ್ಲ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು, ಅಂದರೆ ಅರಿವು ಕೇಂದ್ರಗಳಿವೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಗ್ರಂಥಪಾಲಕರು ಊರಿನವರೇ ಆಗಿರುವುದರಿಂದ ಯಾವ ಮಗು ಓದುತ್ತದೆ ಅಂತ ಹೆಸರು ಹಿಡಿದು ಹೇಳುತ್ತಾರೆ.

ಫೋನಿನಲ್ಲಿ

ಮಕ್ಕಳು ಇನ್‌ಸ್ಟಾಗ್ರಾಂನಲ್ಲಿ, ಅಪ್ಪ ಅಮ್ಮ ವಾಟ್ಸಾಪ್‌ನಲ್ಲಿ, ಮೇಷ್ಟ್ರುಗಳು ಫೇಸ್‌ಬುಕ್‌ನಲ್ಲಿ. ಮೂರಕ್ಕೂ ಒಂದೇ ಪೋಸ್ಟರ್ ಹಾಕಿದರೆ ಯಾರೂ ನೋಡುವುದಿಲ್ಲ. ರೀಲ್‌ನಲ್ಲಿ 30 ಸೆಕೆಂಡು ಓದಿ ನಿಲ್ಲಿಸಿ, 'ಕೊಳ್ಳಿ' ಅನ್ನಬೇಡಿ. ವಾಟ್ಸಾಪ್‌ಗೆ ಮೊದಲ ಅಧ್ಯಾಯದ ಪಿಡಿಎಫ್ ನೀವೇ ಬಿಡಿ, ಕೊನೆಯ ಪುಟದಲ್ಲಿ ಪುಸ್ತಕ ಎಲ್ಲಿ ಸಿಗುತ್ತದೆ ಅಂತ ಹಾಕಿ. ಭಾನುವಾರ ಕೂತು ನಾಲ್ಕು ರೀಲ್ ಒಟ್ಟಿಗೆ ಮಾಡಿಟ್ಟರೆ ತಿಂಗಳು ಕಳೆಯುತ್ತದೆ. ಇ-ಪುಸ್ತಕ, ಆಡಿಯೋಗೆ ಮೈಲ್ಯಾಂಗ್‌ನಂಥ ಕನ್ನಡದ ಆ್ಯಪ್‌ಗಳಿವೆ.

ಒಂದು ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಹದಿನೆಂಟು ತುಂಬದ ಓದುಗರ ಜೊತೆ ಖಾಸಗಿ ಚಾಟ್ ಇಲ್ಲ. ಮೆಸೇಜ್ ಬಂದರೆ "ನಿಮ್ಮ ಟೀಚರ್ ಗ್ರೂಪಿನಲ್ಲಿ ಕೇಳಮ್ಮ" ಅಂತ ಉತ್ತರ. ಶಾಲೆಯ ಒಪ್ಪಿಗೆ ಇಲ್ಲದೆ ಮಕ್ಕಳ ಮುಖದ ಫೋಟೊ ಹಾಕುವುದಿಲ್ಲ. ಪುಸ್ತಕ ಹಿಡಿದ ಕೈ ಸಾಕು.

ಅಂಚೆ, ಪೇಪರ್, ಪ್ರಶಸ್ತಿ

ನನ್ನ ಪುಸ್ತಕ 190 ಗ್ರಾಂ ತೂಗುತ್ತದೆ. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಜ್ಞಾನ ಪೋಸ್ಟ್ ಅಂತ ಶುರು ಮಾಡಿದೆ. ಅದರಲ್ಲಿ 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು, ಜಾಹೀರಾತು ಇರಬಾರದು. ನೆಲದ ಮೇಲೆ ಹೋಗುವ ಪಾರ್ಸಲ್, ಆದ್ದರಿಂದ ಓದುಗರಿಗೆ 'ನಾಳೆ ಬರುತ್ತದೆ' ಅಂತ ಮಾತು ಕೊಡಬೇಡಿ.

ಪೇಪರ್‌ಗಳಿಗೆ ಎರಡೆರಡು ಪ್ರತಿ, ಜೊತೆಗೆ ಅರ್ಧ ಪುಟದ ಪರಿಚಯ ಕಳಿಸಿ. ಕಲಬುರಗಿ ಆವೃತ್ತಿಯ ವರದಿಗಾರರಿಗೆ ಬೇರೆಯಾಗಿ ಕೊಡಿ. ಆಕಾಶವಾಣಿ ಕಲಬುರಗಿ ಕೇಂದ್ರಕ್ಕೆ ಹೋಗಿ ಓದಲು ಅವಕಾಶ ಕೇಳಿ. ಹೊಲದಲ್ಲಿ ರೇಡಿಯೊ ಹಾಕಿಕೊಳ್ಳುವ ಅಪ್ಪಂದಿರು ಇನ್ನೂ ಇದ್ದಾರೆ. ಊರಿನ ಅಂಗಡಿಗಳಿಗೆ, ಸಿದ್ಧಲಿಂಗೇಶ್ವರ ಬುಕ್ ಡಿಪೊ, ನವಕರ್ನಾಟಕದಂಥವಕ್ಕೆ, ಐದೈದು ಪ್ರತಿ ಕೊಟ್ಟು ರಸೀದಿ ತೆಗೆದುಕೊಳ್ಳಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿ, ಆದರೆ ಆ ದುಡ್ಡನ್ನು ನಂಬಿ ಪ್ರೆಸ್‌ಗೆ ಸಾಲ ಹೇಳಬೇಡಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2010ರಿಂದ, 35 ವರ್ಷದೊಳಗಿನವರಿಗೆ ಯುವ ಪುರಸ್ಕಾರ 2011ರಿಂದ ಇದೆ. ಕಣ್ಣಿಟ್ಟಿರಿ ಅಷ್ಟೇ.

'ಕಲಬುರಗಿಯಲ್ಲಿ ಪುಸ್ತಕ ಯಾರು ಓದುತ್ತಾರೆ' ಅಂತ ಯಾರಾದರೂ ರಾಗ ತೆಗೆದರೆ, 2020ರ ಫೆಬ್ರುವರಿಯಲ್ಲಿ 85ನೇ ಸಾಹಿತ್ಯ ಸಮ್ಮೇಳನ ಇಲ್ಲೇ ನಡೆದದ್ದನ್ನು ನೆನಪಿಸಿ. ಆ ಮೂರು ದಿನ ಪುಸ್ತಕ ಮಳಿಗೆಗಳ ನಡುವೆ ನಡೆಯಲು ನಾನು ಮೊಣಕೈ ಬಳಸಬೇಕಾಯಿತು.

ವಹಿ ಮತ್ತು ಎರಡನೇ ಮುದ್ರಣ

ಒಂದು ವಹಿ ಇಡಿ. ಯಾವ ದಿನ, ಯಾರಿಗೆ, ಎಷ್ಟು ಪ್ರತಿ, ದುಡ್ಡು ಬಂತೋ ಇಲ್ಲವೋ. ಉಚಿತ ಪ್ರತಿಗಳಿಗೆ ಬೇರೆ ಪುಟ, ಅದಕ್ಕೆ ಮೊದಲೇ ಒಂದು ಮಿತಿ. ನನ್ನದು 60. ನೆಂಟರಿಗೆ ಉಚಿತ ಇಲ್ಲ. (ಚಿಕ್ಕಪ್ಪ ಇನ್ನೂ ಮುನಿಸಿಕೊಂಡಿದ್ದಾರೆ.) 400 ಪ್ರತಿ ಹೋದ ಮೇಲೆ ಮರುಮುದ್ರಣದ ಮಾತು.

ಅಚ್ಚಿಗೆ ಕೊಡುವ ಮುಂಚೆ ಬಿಟ್ಟು ಬಂದ ಪ್ರತಿಗಳನ್ನು ವಾಪಸ್ ತರಿಸಿ ಹಿಂದಿನ ಹಾಳೆ ನೋಡಿ. ಒಂದು ಹುಡುಗಿಯರ ಹಾಸ್ಟೆಲ್‌ನಿಂದ ಬಂದ ಪ್ರತಿ ಎರಡರಷ್ಟು ದಪ್ಪವಾಗಿತ್ತು. ಅಂಚಿನಲ್ಲಿ ಎಣ್ಣೆ, ಒಂದು ಕಡೆ ಶೇಂಗಾ ಹಿಂಡಿಯ ಪುಡಿ. ಹಾಳೆಯಲ್ಲಿ 38 ಹೆಸರು. ಜಾಗ ಸಾಲದೆ ಕೊನೆಯ ಹನ್ನೆರಡು ಜನ ರಟ್ಟಿನ ಮೇಲೇ ಬರೆದಿದ್ದರು. 'ಪೂರ್ತಿ' ಅಂತ 27. ಉಳಿದವರಲ್ಲಿ ಏಳು ಜನ 94ನೇ ಪುಟದಲ್ಲೇ ನಿಂತಿದ್ದರು. ಅಲ್ಲಿ ಹುಡುಗಿಯ ಅಜ್ಜ ನಾಲ್ಕು ಪುಟ ಬುದ್ಧಿ ಹೇಳುತ್ತಾನೆ. ನನಗೆ ಬಹಳ ಪ್ರೀತಿಯ ಪುಟಗಳು ಅವು.

ತೆಗೆದೆ. 160ರಲ್ಲಿ ನಾಲ್ಕು ಕಡಿಮೆಯಾಗಿ 156 ಆಯಿತು. ಹತ್ತನೇ ಫಾರ್ಮಿನ ಕೊನೆಯಲ್ಲಿ ನಾಲ್ಕು ಪುಟ ಖಾಲಿ ಬಿದ್ದವು. ಪ್ರೆಸ್‌ನವರು "ಜಾಹೀರಾತು ಹಾಕ್ರಿ ಮೇಡಂ" ಅಂದರು. ಜ್ಞಾನ ಪೋಸ್ಟ್ ತಪ್ಪಿ ಹೋಗುತ್ತದೆ, ಬೇಡ ಅಂದೆ. ಆ ನಾಲ್ಕು ಪುಟಕ್ಕೆ ಗೆರೆ ಹಾಕಿಸಿ ಮೂರು ಕಾಲಂ ಮಾಡಿಸಿದ್ದೇನೆ: ಹೆಸರು, ಕ್ಲಾಸು, ಯಾವ ಪುಟದಲ್ಲಿ ನಿಲ್ಲಿಸಿದೆ.